ಹಳೆ ಚಿನ್ನ ಆನ್‌ಲೈನ್ ಹರಾಜಿಗೆ ಹಾಕಿದರೆ ಜಾಸ್ತಿ ದುಡ್ಡು ಬರುತ್ತಾ?

ಮುರಿದ ಸರ, ಜೋಡಿ ಕಳೆದುಹೋದ ಓಲೆ, ಸೊಟ್ಟಗಾದ ಬಳೆ, ಕಲ್ಲು ಬಿದ್ದುಹೋದ ಉಂಗುರ. ತುಂಬಾ ಮನೆಗಳಲ್ಲಿ ಇಂಥವು ತುಂಬಿದ ಒಂದು ಪುಟ್ಟ ಡಬ್ಬಿ ಇರುತ್ತದೆ. ಚಿನ್ನದ ಬೆಲೆ ಏರಿದಾಗಲೆಲ್ಲ ಆ ಡಬ್ಬಿ ನೆನಪಾಗುತ್ತದೆ. ಅಂಗಡಿಗೆ ಒಯ್ದರೆ ಅವರು ಹೇಳಿದ್ದೇ ಬೆಲೆ ಅನ್ನುವ ಭಯ. ಆನ್‌ಲೈನ್‌ನಲ್ಲಿ ಹರಾಜಿಗೆ ಹಾಕಿದರೆ ಹತ್ತಾರು ಜನ ಪೈಪೋಟಿಗೆ ಬೀಳುತ್ತಾರೆ, ಬೆಲೆ ತಾನಾಗೇ ಏರುತ್ತದೆ ಅಲ್ವಾ ಅಂತ ಅನ್ನಿಸುವುದು ಸಹಜ.

ಕೆಲವು ಒಡವೆಗಳ ಮಟ್ಟಿಗೆ ಇದು ನಿಜ. ಬಹುಪಾಲು ಹಳೆ ಚಿನ್ನಕ್ಕೆ ನಿಜವಲ್ಲ. ಯಾವುದು ಯಾವ ಗುಂಪಿಗೆ ಸೇರುತ್ತದೆ ಅಂತ ಗೊತ್ತಾಗಬೇಕಾದರೆ ಮೊದಲು ಹರಾಜು ಬೆಲೆಯನ್ನು ಏರಿಸುವುದು ಹೇಗೆ ಅಂತ ನೋಡಬೇಕು.

ಬೆಲೆ ನಿಲ್ಲುವುದು ಎಲ್ಲಿ?

ಹರಾಜಿನಲ್ಲಿ ಬೆಲೆ ಗೊತ್ತುಮಾಡುವವನು ಗೆದ್ದವನಲ್ಲ. ಅವನ ಹಿಂದೆ ಎರಡನೆಯವನಾಗಿ ಸೋತವನು. ಇಬೇ ಅನ್ನುವ ಆನ್‌ಲೈನ್ ಹರಾಜು ತಾಣದ ವ್ಯವಸ್ಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಬಿಡ್ ಮಾಡುವವರು, ಅಂದರೆ ಬೆಲೆ ಕೂಗುವವರು, ತಾವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಬರೆದಿಡುತ್ತಾರೆ. ಅವರ ಪರವಾಗಿ ಕಂಪ್ಯೂಟರೇ ಒಂದೊಂದು ಮೆಟ್ಟಿಲು ಏರಿಸುತ್ತಾ ಹೋಗುತ್ತದೆ. ಒಬ್ಬರು 5,000 ಡಾಲರ್‌ವರೆಗೆ ಹೋಗಲು ತಯಾರಿದ್ದು, ಇನ್ನೊಬ್ಬರು 3,000ಕ್ಕೆ ನಿಂತುಬಿಟ್ಟರೆ, ವಸ್ತು ಮಾರಾಟವಾಗುವುದು 3,000ಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಮೊದಲನೆಯವರ ಜೇಬಿನಲ್ಲಿ ಉಳಿದ 2,000 ನಿಮಗೆ ಸಿಗುವುದೇ ಇಲ್ಲ. ಹಾಗಾಗಿ ಕೊಳ್ಳಲೇಬೇಕು ಅಂತ ಹಟ ಇರುವವರು ಕಡೇಪಕ್ಷ ಇಬ್ಬರು ಬೇಕು.

ಈಗ ಮುರಿದ ಸರಗಳ ಒಂದು ಗಂಟನ್ನು ಹರಾಜಿಗಿಟ್ಟಿದ್ದೀರಿ ಅಂದುಕೊಳ್ಳಿ. ಅದಕ್ಕೆ ಬಿಡ್ ಮಾಡುವವರು ಯಾರು? ಕರಗಿಸುವವರು, ಇಲ್ಲವೇ ಕರಗಿಸುವವರಿಗೆ ಮಾರುವವರು. ಅವರೆಲ್ಲರಿಗೂ ಆ ದಿನದ ದರ ಗೊತ್ತು. ಗಂಟಿನಲ್ಲಿ ಎಷ್ಟು ಅಪ್ಪಟ ಚಿನ್ನ ಇದೆ ಅಂತ ಎಲ್ಲರೂ ಒಂದೇ ಥರ ಲೆಕ್ಕ ಹಾಕುತ್ತಾರೆ. ಅದರಲ್ಲಿ ಕರಗಿಸುವ ಖರ್ಚು ಮತ್ತು ತಮ್ಮ ಲಾಭ ಕಳೆದು ಬಿಡ್ ಬರೆಯುತ್ತಾರೆ. ಹತ್ತು ಜನ ಬಂದರೂ, ಐವತ್ತು ಜನ ಬಂದರೂ ಬೆಲೆ ಅದೇ ಗೆರೆಯ ಕೆಳಗೆ ನಿಲ್ಲುತ್ತದೆ. ಪೈಪೋಟಿಯಿಂದ ಅವರ ಲಾಭ ಸ್ವಲ್ಪ ಕರಗುತ್ತದೆ, ಅಷ್ಟೇ. 100 ರೂಪಾಯಿ ಚಿನ್ನವನ್ನು 110 ಕೊಟ್ಟು ಕೊಂಡು ಕರಗಿಸುವವರು ಯಾರೂ ಇಲ್ಲ.

ಒಳ್ಳೆ ಕೆತ್ತನೆಯ ಹಳೇ ಜಡೆಬಿಲ್ಲೆ ಇದ್ದರೆ ಕತೆ ಬೇರೆ. ಒಬ್ಬರಿಗೆ ಅದು ಕೆಂಪು ಕಲ್ಲಿಗಾಗಿ ಬೇಕು. ಇನ್ನೊಬ್ಬರಿಗೆ ಅದರ ಕಾಲಕ್ಕಾಗಿ ಬೇಕು. ಮತ್ತೊಬ್ಬರು ಮಗಳ ಮದುವೆಗೆ ಅಂಥದ್ದನ್ನೇ ಹುಡುಕುತ್ತಿರುತ್ತಾರೆ. ಅಲ್ಲಿ ಒಬ್ಬೊಬ್ಬರ ಮಿತಿಯೂ ಬೇರೆ. ಹರಾಜು ಕೆಲಸ ಮಾಡುವುದು ಅಲ್ಲಿ. ಒಡವೆಯಲ್ಲಿ ಚಿನ್ನದ ಜೊತೆಗೆ ಬೇರೆ ಏನೋ ಇದ್ದರೆ ಹರಾಜು ಆ ‘ಬೇರೆ ಏನೋ’ಗೆ ಬೆಲೆ ತಂದುಕೊಡುತ್ತದೆ. ಬರೀ ಚಿನ್ನವಷ್ಟೇ ಇದ್ದರೆ ಹರಾಜಿಗೆ ಕೊಡಲು ಹೊಸದೇನೂ ಇರುವುದಿಲ್ಲ. ಕಮಿಷನ್ ಮಾತ್ರ ತಗೊಳ್ಳುತ್ತದೆ.

ಮೊದಲು ನಿಮ್ಮ ಲೆಕ್ಕ ನೀವೇ ಹಾಕಿ

ಎಲ್ಲಿ ಮಾರಿದರೂ ಸರಿ, ಒಂದು ಸಂಖ್ಯೆ ನಿಮ್ಮ ಕೈಯಲ್ಲಿ ಇರಲೇಬೇಕು. ಕರಗಿಸಿದರೆ ಈ ಒಡವೆಯಲ್ಲಿ ಎಷ್ಟು ರೂಪಾಯಿ ಚಿನ್ನ ಇದೆ ಅನ್ನುವುದು. ಮುಂದೆ ಇದನ್ನು ಕರಗಿಸಿದ ಬೆಲೆ ಅಂತಲೇ ಕರೆಯೋಣ. ನಿಜವಾದ ತೂಕ, ಶುದ್ಧತೆ, 24 ಕ್ಯಾರೆಟ್‌ನ ಆ ದಿನದ ದರ, ಈ ಮೂರನ್ನು ಗುಣಿಸಿದರೆ ಅದು ಸಿಗುತ್ತದೆ. ಶುದ್ಧತೆಯನ್ನು ಸಾವಿರಕ್ಕೆ ಇಷ್ಟು ಅಂತ ಹೇಳುತ್ತಾರೆ, ಗುಣಿಸುವಾಗ ಅದನ್ನು ಸಾವಿರದಿಂದ ಭಾಗಿಸಿಕೊಳ್ಳಿ. 22 ಕ್ಯಾರೆಟ್ ಅಂದರೆ 916, 20 ಅಂದರೆ 833, 18 ಅಂದರೆ 750, 14 ಅಂದರೆ 585, 9 ಅಂದರೆ 375. ದರಕ್ಕೆ ಇಂಡಿಯಾ ಬುಲಿಯನ್ ಅಂಡ್ ಜ್ಯುವೆಲರ್ಸ್ ಅಸೋಸಿಯೇಷನ್ ಪ್ರಕಟಿಸುವ ದರ ನೋಡಿ. ಅದರಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. ನೀವು ಕೊಳ್ಳುವಾಗ ಕಟ್ಟಿದ 3% ಜಿಎಸ್‌ಟಿ, ಮಜೂರಿ, ವೇಸ್ಟೇಜ್ ಯಾವುದೂ ಮಾರುವಾಗ ವಾಪಸ್ ಬರುವುದಿಲ್ಲ. ಇದು ಮೊದಲೇ ಮನಸ್ಸಿಗೆ ಬಂದುಬಿಟ್ಟರೆ ಅಂಗಡಿಯಲ್ಲಿ ಆಗುವ ಅರ್ಧ ಬೇಜಾರು ತಪ್ಪುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಎರಡೆಳೆಯ ಹಳೇ ಕರಿಮಣಿ ಸರ. ತಕ್ಕಡಿಯಲ್ಲಿ 32 ಗ್ರಾಂ ತೂಗುತ್ತದೆ. ಮನೆಯವರೆಲ್ಲ ಅದನ್ನು 22 ಕ್ಯಾರೆಟ್ ಅಂತಲೇ ನಂಬಿದ್ದಾರೆ. ಲೆಕ್ಕ ಸುಲಭವಾಗಲಿ ಅಂತ 24 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಇಟ್ಟುಕೊಳ್ಳಿ. ಮನೆಯವರ ಲೆಕ್ಕ 32 ಗುಣಿಸು 9,160, ಅಂದರೆ 2,93,120 ರೂಪಾಯಿ. ಅಂಗಡಿಯಲ್ಲಿ ಮೊದಲು ಕರಿಮಣಿ, ದಾರ ತೆಗೆಯುತ್ತಾರೆ. ಅದು 2 ಗ್ರಾಂ. ಉಳಿದ 30 ಗ್ರಾಂ ಕರಗಿಸಿದಾಗ ಕೊಳೆ, ಮೇಣ ಸುಟ್ಟುಹೋಗಿ 29.7 ಗ್ರಾಂ ಗಟ್ಟಿ ಸಿಗುತ್ತದೆ. ಪರೀಕ್ಷೆಯಲ್ಲಿ ಶುದ್ಧತೆ 890 ಬರುತ್ತದೆ. ಅಪ್ಪಟ ಚಿನ್ನ 26.43 ಗ್ರಾಂ. ಕರಗಿಸಿದ ಬೆಲೆ ಸುಮಾರು 2,64,330 ರೂಪಾಯಿ. ಅಂಗಡಿಯವರು 3% ಹಿಡಿದರೆ ಕೈಗೆ ಬರುವುದು 2,56,400ರ ಆಸುಪಾಸು.

ಮನೆಯ ಲೆಕ್ಕಕ್ಕೂ ಕೈಗೆ ಬಂದ ದುಡ್ಡಿಗೂ 36,000 ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ. ಇಲ್ಲಿ ಮೋಸ ಎಷ್ಟು, ನ್ಯಾಯ ಎಷ್ಟು? ಕರಿಮಣಿಯ ತೂಕಕ್ಕೆ ಹೋಗಿದ್ದು 18,320. ಅದು ಯಾವತ್ತೂ ಚಿನ್ನ ಆಗಿರಲೇ ಇಲ್ಲ. ಸುಟ್ಟುಹೋದ ಕೊಳೆಗೆ 2,750ರಷ್ಟು. ಶುದ್ಧತೆ ಕಡಿಮೆ ಬಂದಿದ್ದಕ್ಕೆ 7,720ರಷ್ಟು. ಅಂಗಡಿಯವರು ನಿಜವಾಗಿ ಇಟ್ಟುಕೊಂಡಿದ್ದು 7,930. ನೀವು ಚೌಕಾಸಿ ಮಾಡಬಹುದಾದ ಜಾಗ ಆ ಕೊನೆಯ ಸಂಖ್ಯೆ. ಉಳಿದದ್ದರ ಬಗ್ಗೆ ಜಗಳವಾಡಿ ಪ್ರಯೋಜನ ಇಲ್ಲ, ಆದರೆ ಪ್ರತಿಯೊಂದನ್ನೂ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

22 ಅಂತ ಮಾಡಿಸಿದ ಸರ 890 ಯಾಕೆ ಬಂತು? ಅಕ್ಕಸಾಲಿ ಮೋಸ ಮಾಡಿದ ಅಂತಲೇ ಅರ್ಥವಲ್ಲ. ಕೊಂಡಿ ಕೊಂಡಿಗೂ ಬೆಸುಗೆ ಹಾಕಬೇಕು. ಬೆಸುಗೆಯ ಲೋಹ ಒಡವೆಗಿಂತ ಬೇಗ ಕರಗಬೇಕು, ಅದಕ್ಕೆ ಹಿಂದೆ ತಾಮ್ರ, ಬೆಳ್ಳಿ ಜಾಸ್ತಿ ಬೆರೆಸುತ್ತಿದ್ದರು. ಸಣ್ಣ ಕೊಂಡಿಗಳ ಸರದಲ್ಲಿ ಬೆಸುಗೆಯೂ ಜಾಸ್ತಿ, ಹಾಗಾಗಿ ಒಟ್ಟು ಶುದ್ಧತೆ ಇಳಿಯುತ್ತದೆ. ಆಮೇಲೆ ಬಂದದ್ದು ಕ್ಯಾಡ್ಮಿಯಂ ಬೆಸುಗೆ. ಒಡವೆಯ ಮೇಲೆ ಕೆಡಿಎಂ ಅಂತ ಒತ್ತಿರುತ್ತಾರಲ್ಲ, ಅದು ಇದೇ. ಕ್ಯಾಡ್ಮಿಯಂ ತುಂಬಾ ಸ್ವಲ್ಪ ಸಾಕಾಗುತ್ತದೆ, ಆದ್ದರಿಂದ ಶುದ್ಧತೆ ಉಳಿಯುತ್ತದೆ. ಆದರೆ ಅದರ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷ. ಅದಕ್ಕೇ ಅದನ್ನು ಕೈಬಿಡಬೇಕಾಯಿತು. ಕೆಡಿಎಂ ಅನ್ನುವುದು ಬೆಸುಗೆಯ ಹೆಸರು. ಅದು ಸರ್ಕಾರ ಕೊಟ್ಟ ಶುದ್ಧತೆಯ ಖಾತ್ರಿ ಅಲ್ಲ.

ಇನ್ನೊಂದು, ಅರಗು. ಹಳೇ ಗುಂಡಿನ ಸರ, ಕೊಡಗಿನ ಜೋಮಾಲೆಯಂಥ ಒಡವೆಗಳಲ್ಲಿ ಮಣಿಯ ಒಳಗೆ ಅರಗು ತುಂಬಿರುತ್ತಾರೆ. ತೆಳು ಚಿನ್ನದ ತಗಡು ತಗ್ಗಾಗದೆ ಉಳಿಯಲಿ ಅಂತ. ಒಟ್ಟು ತೂಕ ನೋಡಿ ಲೆಕ್ಕ ಹಾಕಿದವರಿಗೆ ಇಲ್ಲಿ ದೊಡ್ಡ ನಿರಾಸೆ ಆಗುತ್ತದೆ. ಅಂದಹಾಗೆ ಇಂಥ ಒಡವೆಗಳನ್ನು ಕರಗಿಸುವ ಮುಂಚೆ ಹತ್ತು ಸಲ ಯೋಚಿಸಿ. ಕಾರಣ ಮುಂದೆ ಹೇಳುತ್ತೇನೆ.

ಶುದ್ಧತೆ ಗೊತ್ತಾಗುವುದು ಹೇಗೆ?

ಒಡವೆಯ ಮೇಲೆ ಸರ್ಕಾರದ ಮಾನಕ ಸಂಸ್ಥೆ ಬಿಐಎಸ್‌ನ ಗುರುತು, ಶುದ್ಧತೆ ಮತ್ತು ಎಚ್‌ಯುಐಡಿ ಅನ್ನುವ ಆರು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಇದ್ದರೆ ಕೆಲಸ ಸುಲಭ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರನ್ನು ಹಾಕಿದರೆ ಒಡವೆಯ ವಿವರ ಬರುತ್ತದೆ. ಎಚ್‌ಯುಐಡಿ ಶುರುವಾಗಿದ್ದು 2021ರ ಜುಲೈನಲ್ಲಿ. 2023ರ ಏಪ್ರಿಲ್ 1ರಿಂದ ಅಂಗಡಿಗಳು ಹಾಲ್‌ಮಾರ್ಕ್ ಒಡವೆ ಮಾರುವಾಗ ಅದು ಇರಲೇಬೇಕು. ಹಾಗಂತ ನಿಮ್ಮ ಅಜ್ಜಿಯ ಬಳೆ ಮಾರಲು ಹಾಲ್‌ಮಾರ್ಕ್ ಬೇಕಿಲ್ಲ. ಈ ನಿಯಮ ಕಟ್ಟಿಹಾಕುವುದು ವ್ಯಾಪಾರಿಗಳನ್ನು, ಮನೆಯವರನ್ನಲ್ಲ. ‘ಹಾಲ್‌ಮಾರ್ಕ್ ಇಲ್ಲ, ಅದಕ್ಕೆ ಅರ್ಧ ಬೆಲೆ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಲ್‌ಮಾರ್ಕ್ ಇಲ್ಲದ ಒಡವೆಯನ್ನು ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ನೀವೇ ಒಯ್ದು ಪರೀಕ್ಷೆ ಮಾಡಿಸಬಹುದು. ತುಂಬಾ ಜನಕ್ಕೆ ಇದು ಗೊತ್ತಿಲ್ಲ. 2022ರಲ್ಲಿ ಬಿಐಎಸ್ ತಿಳಿಸಿದ ಪ್ರಕಾರ ನಾಲ್ಕು ಒಡವೆಗಳವರೆಗೆ 200 ರೂಪಾಯಿ, ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದಕ್ಕೆ 45 ರೂಪಾಯಿ. ಕೈಗೆ ವರದಿ ಕೊಡುತ್ತಾರೆ. ಲಕ್ಷಾಂತರ ರೂಪಾಯಿಯ ಮಾತುಕತೆಗೆ ಮುಂಚೆ 200 ರೂಪಾಯಿ ಖರ್ಚು ಮಾಡುವುದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ.

ಅಂಗಡಿಗಳಲ್ಲಿರುವ ಕ್ಯಾರೆಟ್ ಮೀಟರ್ ಎಕ್ಸ್-ರೇ ಬಿಟ್ಟು ನೋಡುವ ಯಂತ್ರ. ಅದು ಒಂದು ನಿಮಿಷದಲ್ಲಿ ಚಿನ್ನ, ತಾಮ್ರ, ಬೆಳ್ಳಿ ಎಷ್ಟೆಷ್ಟು ಅಂತ ತೋರಿಸುತ್ತದೆ. ಆದರೆ ಅದಕ್ಕೆ ಕಾಣುವುದು ಮೈಕ್ರಾನ್ ಲೆಕ್ಕದ ಮೇಲ್ಪದರ ಮಾತ್ರ. ಮೇಲೆ ಗಟ್ಟಿಯಾಗಿ ಚಿನ್ನದ ನೀರು ಹಾಕಿದ್ದರೆ ಜಾಸ್ತಿ ತೋರಿಸಬಹುದು. ಬೆಸುಗೆಯ ಜಾಗಕ್ಕೇ ಹಿಡಿದರೆ ಕಡಿಮೆ ತೋರಿಸಬಹುದು. ಆದ್ದರಿಂದ ಮೂರ್ನಾಲ್ಕು ಜಾಗದಲ್ಲಿ ಹಿಡಿಸಿ. ಒರೆಗಲ್ಲಿಗೆ ಉಜ್ಜಿ ಆಸಿಡ್ ಹಾಕಿ ನೋಡುವುದು ಹಳೆಯ ಪದ್ಧತಿ. ಪಳಗಿದ ಕಣ್ಣಿಗೆ ಅದು ಅಂದಾಜು ಹೇಳುತ್ತದೆ. ಕೊನೆಯ ತೀರ್ಪು ಬೆಂಕಿಯ ಪರೀಕ್ಷೆಯದು. ಸ್ವಲ್ಪ ಚೂರು ಕೆರೆದು ತೆಗೆದು, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗೆ ಇಡುತ್ತಾರೆ. ಸೀಸ ಕೀಳು ಲೋಹಗಳನ್ನು ಎಳೆದುಕೊಂಡು ಹೋಗುತ್ತದೆ. ಉಳಿದ ಬೆಳ್ಳಿಯನ್ನು ನೈಟ್ರಿಕ್ ಆಸಿಡ್ ಕರಗಿಸುತ್ತದೆ. ತಳದಲ್ಲಿ ಉಳಿದ ಅಪ್ಪಟ ಚಿನ್ನವನ್ನು ತೂಗುತ್ತಾರೆ.

ಮನೆಯಲ್ಲೇ ಒಂದು ಅಂದಾಜು ಬೇಕಿದ್ದರೆ ನೀರಿನ ತೂಕ ನೋಡಬಹುದು. ಕಲ್ಲು, ಅರಗು ಇಲ್ಲದ ಗಟ್ಟಿ ಬಳೆಗೆ ಮಾತ್ರ ಇದು ಸರಿ. ಅಪ್ಪಟ ಚಿನ್ನ ನೀರಿಗಿಂತ 19.3 ಪಟ್ಟು ಭಾರ, 22 ಕ್ಯಾರೆಟ್ ಸುಮಾರು 17.7 ಪಟ್ಟು. 30 ಗ್ರಾಂ ಬಳೆಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ತೂಕ 1.7 ಗ್ರಾಂ ಇಳಿಯಬೇಕು. ಎರಡೂವರೆ ಗ್ರಾಂ ಇಳಿದರೆ ಏನೋ ಸರಿ ಇಲ್ಲ ಅಂತ ಅರ್ಥ.

ಇಬೇಯಲ್ಲಿ ಗುಜರಿ ಚಿನ್ನದ ಲೆಕ್ಕ

ನಮ್ಮಲ್ಲಿ ಮನೆಯವರು ಮನೆಯವರಿಗೆ ಹರಾಜು ಹಾಕುವ ದೊಡ್ಡ ತಾಣ ಈಗಿಲ್ಲ. 2004ರಲ್ಲಿ ಬಾಜೀ ಡಾಟ್ ಕಾಮ್ ಕೊಂಡು ಬಂದ ಇಬೇ ಇಂಡಿಯಾ ಆಮೇಲೆ ಫ್ಲಿಪ್‌ಕಾರ್ಟ್ ಪಾಲಾಗಿ, 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಅಮೆರಿಕದಲ್ಲಿ ಮಾತ್ರ ಇಬೇಯಲ್ಲಿ ಗುಜರಿ ಚಿನ್ನದ ವ್ಯಾಪಾರ ಜೋರು. ಅಲ್ಲಿರುವ ನಮ್ಮವರೂ ಈ ದಾರಿ ಯೋಚಿಸುತ್ತಾರೆ. ಹಾಗಾಗಿ ಅಲ್ಲಿನ ಲೆಕ್ಕವನ್ನೇ ನೋಡೋಣ.

14 ಕ್ಯಾರೆಟ್‌ನ ಮುರಿದ ಸರಗಳು, 20 ಗ್ರಾಂ. ಅಪ್ಪಟ ಚಿನ್ನ ಗ್ರಾಂಗೆ 100 ಡಾಲರ್ ಅಂದುಕೊಂಡರೆ ಕರಗಿಸಿದ ಬೆಲೆ 1,170 ಡಾಲರ್. ಪೈಪೋಟಿ ಚೆನ್ನಾಗಿ ನಡೆದು ಅದರ 95%ವರೆಗೆ ಬಿಡ್ ಬಂತು ಅಂತಲೇ ಇಟ್ಟುಕೊಳ್ಳಿ. 1,111 ಡಾಲರ್ ಆಯಿತು. ಆಭರಣದ ವಿಭಾಗದಲ್ಲಿ 5,000 ಡಾಲರ್‌ವರೆಗಿನ ಮಾರಾಟಕ್ಕೆ ಇಬೇ ಕಮಿಷನ್ 15%ರಷ್ಟು. ಅಲ್ಲಿಗೆ 167 ಡಾಲರ್ ಹೋಯಿತು. ಇನ್ಶೂರೆನ್ಸ್ ಸಮೇತ ಕಳಿಸಲು 20 ಡಾಲರ್ ಅಂದರೂ ಉಳಿಯುವುದು 925ರ ಹತ್ತಿರ. ಅಂದರೆ ಚಿನ್ನದ ಬೆಲೆಯ 79%. ಇಷ್ಟಕ್ಕೂ ಆ ಕಮಿಷನ್ ಬರೀ ಹರಾಜಿನ ಮೊತ್ತದ ಮೇಲಲ್ಲ. ಕೊಂಡವರು ಕಟ್ಟುವ ಅಂಚೆ ಖರ್ಚು ಮತ್ತು ತೆರಿಗೆಯನ್ನೂ ಸೇರಿಸಿ ಹಾಕುತ್ತಾರೆ. ಅಲ್ಲಿನ ಅಂಗಡಿಯೊಂದು 82% ಕೊಟ್ಟರೂ ಹರಾಜಿಗಿಂತ ಅದೇ ಮೇಲು.

ಊರಿಂದ ಒಯ್ದ 22 ಕ್ಯಾರೆಟ್ ಒಡವೆಗೆ ಇನ್ನೊಂದು ತೊಡಕಿದೆ. ಅಮೆರಿಕದ ಕೊಳ್ಳುವವರಿಗೆ 10, 14, 18 ಕ್ಯಾರೆಟ್‌ನ ಮುದ್ರೆ ಪರಿಚಯ. ಮುದ್ರೆಯೇ ಇಲ್ಲದ, ಕಡು ಹಳದಿ ಬಣ್ಣದ ಸರದ ಫೋಟೋ ನೋಡಿ ಅವರಿಗೆ ಅನುಮಾನ ಬರುತ್ತದೆ. ಅನುಮಾನ ಬಂದವರು ಬಿಡ್ ಕಡಿಮೆ ಮಾಡುತ್ತಾರೆ. ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆ, ಶಿಕಾಗೋದ ಡೆವನ್ ಅವೆನ್ಯೂನಂಥ ಕಡೆ ಭಾರತೀಯರ ಆಭರಣದ ಅಂಗಡಿಗಳು ಸಾಲಾಗಿವೆ. 22 ಕ್ಯಾರೆಟ್ ಅಲ್ಲಿ ದಿನದ ವ್ಯಾಪಾರ. ಹರಾಜಿಗೆ ಹಾಕುವ ಮುಂಚೆ ಅಲ್ಲಿ ಬೆಲೆ ಕೇಳುವುದು ಒಳ್ಳೆಯದು.

ಹರಾಜಿಗೆ ಹೋಗಬೇಕಾದ ಒಡವೆ ಯಾವುದು?

ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಹಳೇ ಅಡ್ಡಿಕೆ, ಬುಗುಡಿ, ವಂಕಿ, ನಾಗರ ಜಡೆ, ಕೊಡಗಿನ ಪತ್ತಾಕ್ ಇಂಥವನ್ನು ಜನ ಸುಮ್ನೆ ತೂಕಕ್ಕೆ ಹಾಕಿ ಕೊಟ್ಟುಬಿಡುತ್ತಾರೆ. ಅಂಗಡಿಯವರು ಕಲ್ಲು ಕಿತ್ತು ಪಕ್ಕಕ್ಕಿಟ್ಟು ಮೂಸೆಗೆ ಹಾಕುತ್ತಾರೆ. ಅಂಥ ಕೈಕೆಲಸ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಒಮ್ಮೆ ಕರಗಿದ ಮೇಲೆ ಅದು ಯಾವುದೇ ಗಟ್ಟಿಯ ಹಾಗೆ ಇನ್ನೊಂದು ಗಟ್ಟಿ.

ಹಾಗಾಗಿ ಒಡವೆಯನ್ನು ತಿರುಗಿಸಿ ಹಿಂಬದಿ ನೋಡಿ. ಹಳೇ ಕೈಕೆಲಸದ ಒಡವೆಯಲ್ಲಿ ಹಿಂಬದಿಗೂ ಕೆತ್ತನೆ ಇರಬಹುದು. ಕಲ್ಲುಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ, ಅವುಗಳ ಸುತ್ತ ಚಿನ್ನದ ರೇಕನ್ನು ಒತ್ತಿ ಕೂರಿಸಿರುತ್ತಾರೆ. ತಿರುಪು ಕೈಯಲ್ಲಿ ಕೊರೆದದ್ದಾದರೆ ಆಯಾ ಓಲೆಯ ತಿರುಪು ಆ ಓಲೆಗೇ ಸರಿಹೊಂದುತ್ತದೆ, ಜೋಡಿಗೆ ಕೂರುವುದಿಲ್ಲ. ಯುರೋಪಿನ ಹೆಸರಾಂತ ಆಭರಣ ಸಂಸ್ಥೆಯ ಮುದ್ರೆ ಇದ್ದರಂತೂ ತೂಕದ ಮಾತೇ ಎತ್ತಬೇಡಿ. ಚಿನ್ನದ ಬೆಲೆಗೂ ಒಡವೆಯ ಬೆಲೆಗೂ ಅಂತರ ಎಷ್ಟಿರಬಹುದು ಅನ್ನುವುದಕ್ಕೆ 2019ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕ್ರಿಸ್ಟೀಸ್ ನಡೆಸಿದ ಭಾರತದ ರಾಜಮನೆತನಗಳ ಆಭರಣಗಳ ಹರಾಜು ನೋಡಿ. ಒಟ್ಟು ಮೊತ್ತ 10 ಕೋಟಿ ಡಾಲರ್ ದಾಟಿತು. ಅದು ಅರಮನೆಗಳ ಮಾತು, ನಿಜ. ಆದರೆ ಅಲ್ಲಿ ಯಾರೂ ಗ್ರಾಂ ಲೆಕ್ಕದಲ್ಲಿ ಬಿಡ್ ಮಾಡಲಿಲ್ಲ ಅನ್ನುವುದು ನಮ್ಮ ಮನೆಯ ಒಡವೆಗೂ ಅನ್ವಯಿಸುತ್ತದೆ.

ನಾಣ್ಯಗಳದ್ದು ಇನ್ನೊಂದು ಲೋಕ. ವಿಜಯನಗರದ ವರಾಹ ಬರೀ ಮೂರೂವರೆ ಗ್ರಾಂ ಆಸುಪಾಸಿನ ಪುಟ್ಟ ನಾಣ್ಯ. ಶಿವ ಪಾರ್ವತಿಯರ ಚಿತ್ರವನ್ನೇ ಮುಂದುವರಿಸಿದ ಹೈದರ್ ಅಲಿಯ ವರಾಹಗಳೂ ಹೀಗೇ. ನಾಣ್ಯ ಸಂಗ್ರಹಕಾರರು ಇವನ್ನು ಚಿನ್ನವಾಗಿ ನೋಡುವುದೇ ಇಲ್ಲ. ನಾಣ್ಯಗಳಿಗೆಂದೇ ಹರಾಜು ನಡೆಸುವ ಸಂಸ್ಥೆಗಳು ಮುಂಬೈ, ಬೆಂಗಳೂರಿನಲ್ಲಿವೆ, ಆನ್‌ಲೈನ್‌ನಲ್ಲೂ ಬಿಡ್ ಮಾಡಬಹುದು. ಕಾಸಿನ ಸರದಲ್ಲಿ ಬ್ರಿಟಿಷ್ ಸವರನ್‌ಗಳಿದ್ದರೆ ಅವು ನಿಜವಾದವಾ ನೋಡಿ. ಅಸಲಿ ಸವರನ್ 7.988 ಗ್ರಾಂ ತೂಗುತ್ತದೆ, 22 ಕ್ಯಾರೆಟ್. ಅಕ್ಕಸಾಲಿಗಳು ಅಚ್ಚು ಒತ್ತಿ ಮಾಡಿದ ತೆಳು ಕಾಸು ಅಷ್ಟು ತೂಗುವುದಿಲ್ಲ. ಅಸಲಿಯೇ ಆದರೂ ಕೊಂಡಿ ಬೆಸೆದಿದ್ದರೆ ಸಂಗ್ರಹಕಾರರ ಕಣ್ಣಲ್ಲಿ ಬೆಲೆ ಬಿದ್ದುಹೋಗಿರುತ್ತದೆ. ಆಗ ಅದು ಬರೀ ಒಳ್ಳೆ ಚಿನ್ನ. ಮನೆ ಪಾಯ ತೋಡುವಾಗ ಸಿಕ್ಕ ನಾಣ್ಯದ ವಿಷಯ ಮಾತ್ರ ಬೇರೆ. 1878ರ ನಿಧಿ ಕಾಯ್ದೆ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಆಭರಣಕ್ಕೆ ಸ್ಯಾಫ್ರನ್‌ಆರ್ಟ್, ಅಸ್ತಗುರುವಿನಂಥ ಸಂಸ್ಥೆಗಳು ಆನ್‌ಲೈನ್ ಹರಾಜು ನಡೆಸುತ್ತವೆ. ಅವು ಎಲ್ಲವನ್ನೂ ತಗೊಳ್ಳುವುದಿಲ್ಲ. ಫೋಟೋ ಕಳಿಸಿದರೆ ಅವರ ತಜ್ಞರು ನೋಡಿ, ಇಷ್ಟರಿಂದ ಇಷ್ಟು ಬರಬಹುದು ಅಂತ ಒಂದು ಅಂದಾಜು ಕೊಡುತ್ತಾರೆ. ಇದಕ್ಕಿಂತ ಕೆಳಗೆ ಮಾರಬೇಡಿ ಅಂತ ನೀವು ಒಂದು ಕನಿಷ್ಠ ಬೆಲೆ ಗೊತ್ತುಮಾಡಿಕೊಳ್ಳಬಹುದು. ಆ ಕನಿಷ್ಠ ಬೆಲೆ ಯಾವತ್ತೂ ಕರಗಿಸಿದ ಬೆಲೆಗಿಂತ ಮೇಲಿರಲಿ. ಇಲ್ಲಿ ಕಮಿಷನ್ ಎರಡು ಕಡೆಯಿಂದ ಹೋಗುತ್ತದೆ ಅನ್ನುವುದು ಗೊತ್ತಿರಲಿ. ಕೊಳ್ಳುವವರು ಹರಾಜಿನ ಮೊತ್ತದ ಮೇಲೆ ಪ್ರೀಮಿಯಂ ಕಟ್ಟುತ್ತಾರೆ. ಅದು 20% ಅಂದುಕೊಳ್ಳಿ. ಒಟ್ಟು 12 ಲಕ್ಷ ಖರ್ಚು ಮಾಡಬಲ್ಲವರು 10 ಲಕ್ಷಕ್ಕೇ ಬಿಡ್ ನಿಲ್ಲಿಸುತ್ತಾರೆ. ಆ 10 ಲಕ್ಷದಲ್ಲಿ ನಿಮ್ಮಿಂದ 10% ಕಮಿಷನ್ ಹೋದರೆ ನಿಮಗೆ ಬರುವುದು 9 ಲಕ್ಷ. ಆ ಒಡವೆಯ ಕರಗಿಸಿದ ಬೆಲೆ 4 ಲಕ್ಷ ಇದ್ದರೆ ಇದು ಭಾರೀ ಲಾಭ. 8.8 ಲಕ್ಷ ಇದ್ದರೆ ಇಷ್ಟು ತಿಂಗಳು ಕಾದಿದ್ದು ದಂಡ.

ಒಡವೆ ನೂರು ವರ್ಷಕ್ಕಿಂತ ಹಳೆಯದಾಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ‘ವಿದೇಶದವರು ಮೂರು ಪಟ್ಟು ಕೊಡುತ್ತಾರೆ’ ಅನ್ನುವ ಮಾತಿಗೆ ಮರುಳಾಗಬೇಡಿ.

ಅಂಗಡಿಗಳ ನಡುವೆಯೇ ಹರಾಜು

ಉಳಿದ ಮುರುಕು ಚಿನ್ನಕ್ಕೆ ನಾನು ಹೇಳುವ ದಾರಿ ಇದು. ಹಾಲ್‌ಮಾರ್ಕಿಂಗ್ ಕೇಂದ್ರದ ವರದಿ ಕೈಯಲ್ಲಿಟ್ಟುಕೊಂಡು ಒಂದೇ ದಿನ ಮೂರ್ನಾಲ್ಕು ಕಡೆ ಬೆಲೆ ಕೇಳಿ. ಒಂದೇ ದಿನ ಯಾಕೆ ಅಂದರೆ ದರ ದಿನದಿನಕ್ಕೆ ಬದಲಾಗುತ್ತದೆ. ಬೆಂಗಳೂರಾದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆ, ನಗರ್ತಪೇಟೆಯ ಸುತ್ತಮುತ್ತ ನಡೆದೇ ಇದನ್ನು ಮುಗಿಸಬಹುದು. ‘ಗ್ರಾಂಗೆ ಎಷ್ಟು ಕೊಡುತ್ತೀರಿ’ ಅಂತ ಕೇಳಬೇಡಿ. ‘24 ಕ್ಯಾರೆಟ್‌ಗೆ ಇವತ್ತು ಯಾವ ದರ ಹಾಕುತ್ತೀರಿ, ಎಷ್ಟು ಪರ್ಸೆಂಟ್ ಹಿಡಿಯುತ್ತೀರಿ’ ಅಂತ ಕೇಳಿ. ಒಬ್ಬರು ದರ ಜಾಸ್ತಿ ಹೇಳಿ 6% ಹಿಡಿಯಬಹುದು, ಇನ್ನೊಬ್ಬರು ದರ ಸ್ವಲ್ಪ ಕಡಿಮೆ ಹೇಳಿ 2% ಹಿಡಿಯಬಹುದು. ಎರಡನ್ನೂ ಸೇರಿಸಿ ನೋಡಿದರೇ ನಿಜ ಗೊತ್ತಾಗುವುದು. ಬದಲಿಗೆ ಹೊಸ ಒಡವೆ ತಗೊಂಡರೆ ಹಳೆಯದಕ್ಕೆ ಪೂರ್ತಿ ಬೆಲೆ ಅನ್ನುವ ಅಂಗಡಿಗಳೂ ಉಂಟು. ಅಲ್ಲಿ ಹೊಸ ಒಡವೆಯ ಮೇಕಿಂಗ್ ಚಾರ್ಜ್ ಎಷ್ಟು ಅಂತ ನೋಡಿ. ಬಿಟ್ಟುಕೊಟ್ಟ ಹಾಗೆ ಕಂಡದ್ದು ಅಲ್ಲಿ ಸೇರಿರಬಹುದು.

ಕರಗಿಸುವ ಮುಂಚೆ ಮಾತು ಮುಗಿದಿರಬೇಕು. ಬೆಲೆ ಒಪ್ಪಿಗೆಯಾಗದಿದ್ದರೆ ಗಟ್ಟಿಯನ್ನು ವಾಪಸ್ ಕೊಡುತ್ತೀರಾ ಅಂತ ಕೇಳಿಕೊಳ್ಳಿ. ಒಡವೆ ಗಟ್ಟಿಯಾದ ಮೇಲೆ ಎದ್ದು ಹೋಗುವುದು ಕಷ್ಟ. ಬೇರೆ ಅಂಗಡಿಯವರು ಕಾಗದಪತ್ರ ಇಲ್ಲದ ಗಟ್ಟಿ ನೋಡಿ ಹಿಂದೆಮುಂದೆ ನೋಡುತ್ತಾರೆ.

ಕರಗಿಸುವ ಜಾಗಕ್ಕೆ ಜೊತೆಗೇ ಹೋಗಿ. ನಮ್ಮ ಊರುಗಳಲ್ಲಿ ಈ ಗಲಾಯಿ ಕೆಲಸ ಮಾಡುವವರಲ್ಲಿ ತುಂಬಾ ಜನ ಮಹಾರಾಷ್ಟ್ರದ ಸಾಂಗ್ಲಿ, ವಿಟಾ ಕಡೆಯವರು. ಒಡವೆಯನ್ನು ಮೂಸೆಯಲ್ಲಿಟ್ಟು ಬಿಳಿಗಾರದ ಪುಡಿ ಉದುರಿಸಿ ಬೆಂಕಿ ಹಿಡಿಯುತ್ತಾರೆ. ಕೊಳೆ ಬಿಳಿಗಾರದ ಜೊತೆ ಗಾಜಿನ ಹಾಗೆ ಮೇಲೆ ತೇಲುತ್ತದೆ, ಕೆಳಗೆ ಚಿನ್ನ ಒಂದೇ ಹನಿಯಾಗಿ ಹೊಳೆಯುತ್ತದೆ. ಅಚ್ಚಿಗೆ ಸುರಿದ ಮೇಲೆ ಮೂಸೆಯ ಗೋಡೆಗೆ ಸಣ್ಣ ಸಣ್ಣ ಗುಂಡುಗಳು ಅಂಟಿಕೊಂಡಿವೆಯಾ ನೋಡಿ. ಇದ್ದರೆ ಅವನ್ನೂ ಕೆರೆದು ಸೇರಿಸಿ ತೂಗಿ ಅಂತ ಹೇಳಿ. ತೂಗುವಾಗ ತಕ್ಕಡಿ ಸೊನ್ನೆಯಲ್ಲಿದೆಯಾ, ಗಾಜಿನ ಬಾಗಿಲು ಮುಚ್ಚಿದೆಯಾ, ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯಾ ನೋಡಿ. ಮುಂಚೆ ಮತ್ತು ಆಮೇಲಿನ ತೂಕ ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ನಿಯತ್ತಿನ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಆನ್‌ಲೈನ್ ಜಾಹೀರಾತು ಹಾಕಿ ಅಪರಿಚಿತರಿಗೆ ನೇರವಾಗಿ ಮಾರುವುದು ಬೇಡ. ಸಾಮಾನ್ಯ ಕೊರಿಯರ್ ಕಂಪನಿಗಳಲ್ಲಿ ಹಲವು ಚಿನ್ನವನ್ನು ತಗೊಳ್ಳುವುದೇ ಇಲ್ಲ. ಬೇರೆ ಏನೋ ಅಂತ ಬರೆದು ಕಳಿಸಿದರೆ, ಕಳೆದುಹೋದಾಗ ಕೇಳುವ ಹಕ್ಕೂ ಇರುವುದಿಲ್ಲ. ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಅದು ಮೋಸವೇ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. ದುಡ್ಡನ್ನು ಆದಷ್ಟು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಕಾನೂನಿನ ಪ್ರಕಾರವೇ ತಪ್ಪು.

ತೆರಿಗೆಯ ಮಾತು ಚಿಕ್ಕದಾಗಿ. ಮನೆಯವರು ಹಳೇ ಒಡವೆ ಮಾರಿದ್ದಕ್ಕೆ ಜಿಎಸ್‌ಟಿ ಇಲ್ಲ ಅಂತ 2017ರಲ್ಲೇ ಕೇಂದ್ರ ಸರ್ಕಾರ ಸ್ಪಷ್ಟ ಮಾಡಿದೆ. ಲಾಭದ ಮೇಲೆ ಆದಾಯ ತೆರಿಗೆ ಮಾತ್ರ ಉಂಟು. 2024ರ ಜುಲೈ 23ರಿಂದ, ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಚಿನ್ನದ ಲಾಭಕ್ಕೆ 12.5% ತೆರಿಗೆ. ಹಿರಿಯರಿಂದ ಬಂದದ್ದಾದರೆ ಅವರು ಕೊಂಡ ಬೆಲೆ ಮತ್ತು ಕಾಲವೇ ಲೆಕ್ಕ. 2001ಕ್ಕಿಂತ ಹಿಂದಿನದಾದರೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ಆಗ 10 ಗ್ರಾಂಗೆ ನಾಲ್ಕೂವರೆ ಸಾವಿರ ರೂಪಾಯಿಯೂ ಇರಲಿಲ್ಲ. ಹಾಗಾಗಿ ಮಾರಿದ ಮೊತ್ತದ ಬಹುಪಾಲು ಲಾಭದ ಲೆಕ್ಕಕ್ಕೇ ಬರುತ್ತದೆ.

ನಿಮಗೆ ಗೊತ್ತಿಲ್ಲದೆ ನಡೆಯುವ ಹರಾಜು

ಕರ್ನಾಟಕದ ಎಷ್ಟೋ ಮನೆಗಳ ಚಿನ್ನ ಹರಾಜಿಗೆ ಹೋಗುವುದು ಮಾರುವ ಆಸೆಯಿಂದಲ್ಲ. ಅಡವಿಟ್ಟ ಸಾಲ ಕಟ್ಟಲು ಆಗದೆ. ಅದರಲ್ಲೂ ನಿಮಗೆ ಹಕ್ಕುಗಳಿವೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಸಾಲಕ್ಕೆ ಹೊಸ ನಿಯಮ ತಂದಿತು. ಸಾಲ ಕೊಟ್ಟವರು ಅದನ್ನು ಪಾಲಿಸಲು ಶುರುಮಾಡುವುದಕ್ಕೆ 2026ರ ಏಪ್ರಿಲ್ 1ರ ಗಡುವು ಕೊಟ್ಟಿತು. ಅದರ ಪ್ರಕಾರ ಹರಾಜಿಗೆ ಮುಂಚೆ ನಿಮಗೆ ನೋಟಿಸ್ ಕೊಡಲೇಬೇಕು. ಹರಾಜಿನ ಕನಿಷ್ಠ ಬೆಲೆ ಆ ಹೊತ್ತಿನ ಮೌಲ್ಯದ 90%ಕ್ಕಿಂತ ಕಡಿಮೆ ಇರಬಾರದು. ಎರಡು ಸಲ ಹರಾಜು ಕೂಡಿಬರದಿದ್ದರೆ ಮಾತ್ರ 85%ಕ್ಕೆ ಇಳಿಸಬಹುದು. ಸಾಲ, ಬಡ್ಡಿ, ಖರ್ಚು ಕಳೆದು ಉಳಿದ ದುಡ್ಡು ನಿಮ್ಮದು. ಹರಾಜಿನ ಪೂರ್ತಿ ಹಣ ಬಂದ ಏಳು ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕು.

ಚಿನ್ನದ ಬೆಲೆ ಏರುತ್ತಿರುವಾಗ ಈ ಉಳಿಕೆ ಸಣ್ಣ ಮೊತ್ತವಾಗಿರುವುದಿಲ್ಲ. ಗ್ರಾಂಗೆ 6,000 ಇದ್ದಾಗ ಅಡವಿಟ್ಟ ಒಡವೆ 10,000 ಇರುವಾಗ ಹರಾಜಾದರೆ ಸಾಲ ತೀರಿದ ಮೇಲೂ ಎಷ್ಟೋ ಉಳಿಯಬೇಕು. ‘ಒಡವೆ ಹೋಯಿತು, ಸಾಲ ತೀರಿತು’ ಅಂತ ಸುಮ್ಮನಾಗುವವರು ಆ ಉಳಿಕೆಯನ್ನು ಕೇಳುವುದೇ ಇಲ್ಲ. ಹರಾಜಾದ ತಾರೀಕು, ತೂಕ, ಶುದ್ಧತೆ, ಬಂದ ಮೊತ್ತ, ಕಳೆದ ಮೊತ್ತ ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ. ಅಡವಿಡುವಾಗ ಕೊಟ್ಟ ಚೀಟಿಯ ತೂಕ, ಶುದ್ಧತೆಯ ಜೊತೆ ಹೋಲಿಸಿ ನೋಡಿ. ಹೊಂದದಿದ್ದರೆ ಅಥವಾ ಉತ್ತರವೇ ಬರದಿದ್ದರೆ ಮೊದಲು ಸಾಲ ಕೊಟ್ಟವರಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕ್‌ನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.